ತಂತಿ ಹೋಯಿತು, ಬುಗುರಿ ಉಳಿಯಿತು

ಟಿಪ್ಪು ಸುಲ್ತಾನ ಮಡಿದ ಮರುವರ್ಷ, 1800ರಲ್ಲಿ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆಯನ್ನು ಊರೂರು ಸುತ್ತಿದ. ಎಲ್ಲಿ ಏನು ಬೆಳೆಯುತ್ತಾರೆ, ಏನು ನೇಯುತ್ತಾರೆ, ಯಾವುದನ್ನು ಎಲ್ಲಿಗೆ ಮಾರುತ್ತಾರೆ ಎಂದು ಕಂಪನಿಗೆ ಲೆಕ್ಕ ಒಪ್ಪಿಸುವುದು ಅವನ ಕೆಲಸ. 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಆ ಪ್ರವಾಸಕಥನದಲ್ಲಿ ಚನ್ನಪಟ್ಟಣದ ಬಗ್ಗೆ ಬರುವ ಮಾತು ಇವತ್ತಿನ ಓದುಗರನ್ನು ತಬ್ಬಿಬ್ಬು ಮಾಡುತ್ತದೆ. ಅಲ್ಲಿ ಅವನು ಮೆಚ್ಚಿ ಹೇಳುವುದು ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನು. ಆ ತಂತಿಗೆ ದೊಡ್ಡ ಹೆಸರಿತ್ತು, ಅದು ಇಂಡಿಯಾದ ದೂರದೂರದ ಸೀಮೆಗಳಿಗೆ ಹೋಗುತ್ತಿತ್ತು. ಗಾಜಿನ ಕೆಲಸಕ್ಕೂ ಬಿಳಿ ಸಕ್ಕರೆಗೂ ಆ ಊರು ಹೆಸರಾಗಿತ್ತು. ಅಲ್ಲಿಂದ ಸುಮಾರು ನೂರು ವರ್ಷ ಮುಂದೆ ಬಂದು 1908ರ ಇಂಪೀರಿಯಲ್ ಗೆಜೆಟಿಯರ್ ತೆರೆದರೆ ಚನ್ನಪಟ್ಟಣದ ಹೆಸರಿನ ಕೆಳಗೆ ಮೂರು ಕಸುಬುಗಳು ಒಂದೇ ಸಾಲಿನಲ್ಲಿ ಕೂತಿವೆ: ಅರಗಿನ ಸಾಮಾನು ಮತ್ತು ಗೊಂಬೆ, ವಾದ್ಯಗಳ ಉಕ್ಕಿನ ತಂತಿ, ಗಾಜಿನ ಬಳೆ. ಇವತ್ತು ಆ ಸಾಲಿನಲ್ಲಿ ಉಳಿದಿರುವುದು ಮೊದಲನೆಯದು ಮಾತ್ರ. ವೀಣೆಗೆ ನಾದ ಕೊಡಬಲ್ಲ ತಂತಿ ಎಳೆಯುತ್ತಿದ್ದ ಊರು ಈಗ ‘ಗೊಂಬೆಗಳ ನಾಡು’. ತಂತಿ ಎಳೆಯುತ್ತಿದ್ದವರ ನೆನಪು ಊರಿನ ಹೆಸರಿನಲ್ಲೂ ಇಲ್ಲ, ಹೆದ್ದಾರಿಯ ಫಲಕದಲ್ಲೂ ಇಲ್ಲ.

ಯಾವ ಕಸುಬು ಉಳಿಯುತ್ತದೆ, ಯಾವುದು ಅಳಿಯುತ್ತದೆ ಎಂದು ಕೇಳುವವರಿಗೆ ಈ ಮೂರು ಹೆಸರಿನ ಸಾಲು ಒಳ್ಳೆಯ ಪಾಠ. ನೋಡುವ ಕಣ್ಣಿಗೆ ಮೂರರಲ್ಲಿ ಅತ್ಯಂತ ಕುಶಲವಾದದ್ದು ತಂತಿ. ಮಾಗಡಿ ಸೀಮೆಯ ಕುಲುಮೆಗಳಲ್ಲಿ ಕಬ್ಬಿಣ ಕರಗುತ್ತಿತ್ತು, ಉಕ್ಕಾಗುತ್ತಿತ್ತು. ಉಕ್ಕನ್ನು ತೂತಿನಿಂದ ತೂತಿಗೆ, ಸಣ್ಣದರಿಂದ ಇನ್ನೂ ಸಣ್ಣದಕ್ಕೆ ಎಳೆದು, ಎಲ್ಲೂ ದಪ್ಪ ತೆಳು ಆಗದಂತೆ ನೋಡಿಕೊಂಡರಷ್ಟೇ ಅದು ಶ್ರುತಿಗೆ ನಿಲ್ಲುತ್ತದೆ. ಬಲ್ಲವರು ಬೆಲೆ ಕೊಟ್ಟು ಕೊಳ್ಳುತ್ತಿದ್ದ, ದೂರದ ಊರುಗಳಿಂದ ಹುಡುಕಿಕೊಂಡು ಬರುತ್ತಿದ್ದ ಮಾಲು ಅದು. ಆದರೂ ಯುರೋಪಿನ ಕಾರ್ಖಾನೆಗಳ ತಂತಿ ಬಂದ ಕಾಲದಲ್ಲಿ ಅದಕ್ಕೆ ಬೇರೆ ದಾರಿ ಇರಲಿಲ್ಲ, ಏಕೆಂದರೆ ಅದು ಮಾಡಬಲ್ಲದ್ದು ಒಂದೇ ಕೆಲಸ, ಕೊಳ್ಳುವವನು ಒಬ್ಬನೇ ಬಗೆಯವನು. ಹಾಗಾದರೆ ಅಗ್ಗದ ಮಾಲು ಉಳಿಯುತ್ತದೆ, ದುಬಾರಿಯದು ಅಳಿಯುತ್ತದೆ ಎನ್ನೋಣವೇ? ಅದನ್ನು ಗಾಜಿನ ಬಳೆ ಸುಳ್ಳು ಮಾಡುತ್ತದೆ. ಬಳೆಗಿಂತ ಅಗ್ಗದ, ಬಳೆಗಿಂತ ಹೆಚ್ಚು ಖರ್ಚಾಗುವ ಮಾಲು ಯಾವುದಿತ್ತು? ಅದೂ ಹೋಯಿತು. ಉಳಿದದ್ದು ಲೇತಿನ ಮೇಲೆ ಮರ ಕಡೆದು ಅರಗು ಹಚ್ಚುವವರ ಕೆಲಸ. ಅವರ ಕೈ ಬುಗುರಿಯನ್ನೂ ಕಡೆಯುತ್ತಿತ್ತು, ತೊಟ್ಟಿಲ ಗುಂಡನ್ನೂ ಕಡೆಯುತ್ತಿತ್ತು, ಕುಂಕುಮದ ಭರಣಿಯನ್ನೂ ಕಡೆಯುತ್ತಿತ್ತು. ಹತ್ತು ಬೆಲೆಯ ಹತ್ತು ಸಾಮಾನು, ಎಲ್ಲಕ್ಕೂ ಒಂದೇ ಕೈ. ಈ ಹರಹೇ ಅದನ್ನು ಕಾಪಾಡಿತು ಎಂಬುದು ಈ ಲೇಖನದ ವಾದ. ಚನ್ನಪಟ್ಟಣದ ಗೊಂಬೆಯನ್ನು ಉಳಿಸುತ್ತೇವೆಂದು ಹೊರಟವರು ಇವತ್ತು ಅದನ್ನು ಒಂದೇ ಬಗೆಯ ಕೊಳ್ಳುವವನ ಕಡೆಗೆ, ‘ಪರಂಪರೆಯ ದುಬಾರಿ ಮಾಲು’ ಎಂಬ ಒಂದೇ ಕಪಾಟಿನ ಕಡೆಗೆ ತಳ್ಳುತ್ತಿದ್ದಾರೆ. ಅದು ತಂತಿ ಹೋದ ದಾರಿ.

ಮೊದಲು ಕೆಲಸ ಹೇಗೆ ನಡೆಯುತ್ತದೆಂದು ನೋಡೋಣ. ಹಳೆಯ ಕಾಲದಿಂದ ಇದಕ್ಕೆ ಒದಗಿಬಂದಿರುವುದು ಹಾಲೆ ಮರ, ಅಲ್ಲಿನ ಆಡುಮಾತಿನಲ್ಲಿ ಆಲೆ ಮರ. ಗಾಯ ಮಾಡಿದರೆ ಹಾಲು ಸುರಿಸುವ, ಒಣಸೀಮೆಯ ಕುರುಚಲು ಕಾಡಿನಲ್ಲಿ ಬೆಳೆಯುವ ಮಧ್ಯಮ ಗಾತ್ರದ ಮರ. ಅದರ ತಿರುಳು ದಂತದಂತೆ ಬೆಳ್ಳಗೆ, ಎಳೆ ಬಹಳ ನಯ. ಹಾಗಾಗಿ ಉಳಿ ತಾಕಿದರೆ ಸಿಬಿರು ಏಳುವುದಿಲ್ಲ, ಬಣ್ಣ ಹಚ್ಚಿದರೆ ಮಂಕಾಗುವುದಿಲ್ಲ. ಮರವನ್ನು ತಿಂಗಳುಗಟ್ಟಲೆ ಒಣಗಿಸಿ, ತುಂಡು ಮಾಡಿ, ಲೇತಿಗೆ ಸಿಕ್ಕಿಸಿ, ಉಳಿಯಿಂದ ಆಕಾರ ತೆಗೆಯುತ್ತಾರೆ. ಕೈಯಿಂದ ಎಳೆಯುವ ಲೇತಿನ ಕಾಲ ಹೋಗಿ ಈಗ ಹೆಚ್ಚಿನದು ಕರೆಂಟಿನದು. ಆಕಾರ ಬಂದ ಮೇಲೆ ನಿಜವಾದ ಚಮತ್ಕಾರ. ಬಣ್ಣ ಬೆರೆಸಿ ಕಡ್ಡಿಯಂತೆ ಮಾಡಿಟ್ಟ ಅರಗನ್ನು ಗಿರಗಿರನೆ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಅರಗು ಕರಗುವುದು ಸುಮಾರು ಎಪ್ಪತ್ತೈದು–ಎಂಬತ್ತು ಡಿಗ್ರಿಯಲ್ಲಿ. ಆ ಬಿಸಿ ಬೆಂಕಿಯಿಂದ ಬರುವುದಿಲ್ಲ, ತಿಕ್ಕಾಟದಿಂದಲೇ ಹುಟ್ಟುತ್ತದೆ. ಕಡ್ಡಿಯ ತುದಿ ಕರಗಿ ಮರದ ಮೈಗೆ ಹರಡುತ್ತದೆ. ಆಮೇಲೆ ತಾಳೆಗರಿ ಎಂದು ಕರೆಯುವ ಒಣ ಎಲೆಯನ್ನು ಒತ್ತಿದರೆ ಹರಡಿದ ಅರಗು ಸಮನಾಗಿ, ನೀರಿನ ಮೇಲ್ಮೈಯಂತೆ ಹೊಳೆಯುತ್ತದೆ. ಒತ್ತಡ ಸ್ವಲ್ಪ ಹೆಚ್ಚಾದರೆ ಅರಗು ಸುಟ್ಟು ಕಪ್ಪಾಗುತ್ತದೆ, ಕಡಿಮೆಯಾದರೆ ತೇಪೆ ತೇಪೆಯಾಗಿ ನಿಲ್ಲುತ್ತದೆ. ಎರಡರ ನಡುವಿನ ಹದ ಯಾವ ಪುಸ್ತಕದಲ್ಲೂ ಇಲ್ಲ. ಸಾವಿರ ಮಣಿ, ಸಾವಿರ ಉಂಗುರ ಕಡೆದ ಕೈಗೆ ಅದು ತಾನಾಗಿ ಬರುತ್ತದೆ. ಮುಂದಿನ ಮಾತಿಗೆಲ್ಲ ಆಧಾರ ಈ ಸಂಗತಿಯೇ: ದುಬಾರಿ ಗೊಂಬೆ ಮಾಡುವ ಕೈ ತಯಾರಾಗುವುದು ಅಗ್ಗದ ಮಣಿಯ ಮೇಲೆ.

‘ಪರಂಪರೆ’ ಎಂಬ ಮಾತನ್ನೂ ಸ್ವಲ್ಪ ಅಲ್ಲಾಡಿಸಿ ನೋಡಬೇಕು. ಟಿಪ್ಪು ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿ ಈ ಕಲೆ ಕಲಿಸಿದ ಎಂಬುದು ಊರಿನವರೆಲ್ಲ ಹೇಳುವ ಕಥೆ. ಅದು ಐತಿಹ್ಯ. ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಎಲ್ಲರೂ ನೆನೆಯುವ ಹೆಸರು ಬಾವಾಸ್ ಮಿಯಾ. ಚನ್ನಪಟ್ಟಣದ ಗೊಂಬೆಗಳ ಪಿತಾಮಹ ಎಂದು ಅವರನ್ನು ಕರೆಯುತ್ತಾರೆ. ಅವರು ತಂದದ್ದು ಜಪಾನಿನ ಗೊಂಬೆ ಮಾಡುವ ತಂತ್ರ. ದುಂಡು ತಲೆ, ಕೊಳವೆಯಂಥ ಮೈ, ಅದರ ಮೇಲೆ ಬಣ್ಣದ ಪಟ್ಟಿ ಇರುವ ಚನ್ನಪಟ್ಟಣದ ಗೊಂಬೆಯನ್ನು ಜಪಾನಿನ ಕೊಕೇಶಿ ಗೊಂಬೆಯ ಪಕ್ಕ ಇಟ್ಟು ನೋಡಿದರೆ ದಾಯಾದಿಗಳಂತೆ ಕಾಣುತ್ತವೆ. ಹಾಗಾದರೆ ‘ಅಸಲಿ’ ಚನ್ನಪಟ್ಟಣದ ಗೊಂಬೆ ಯಾವ ಇಸವಿಯದು? ಪರ್ಷಿಯಾದ್ದೋ, ಜಪಾನಿನದೋ, ದಸರೆಯ ಬೊಂಬೆ ಕೂರಿಸುವ ಮನೆಗಳಿಗೆ ರಾಜ–ರಾಣಿ ಮಾಡಿಕೊಟ್ಟ ಕಾಲದ್ದೋ? ಉತ್ತರ ಇಲ್ಲ, ಇರಬೇಕಾಗಿಯೂ ಇಲ್ಲ. ಆ ಕಸುಬು ಯಾವ ಕಾಲದಲ್ಲೂ ತನ್ನನ್ನು ತಾನು ಹಳೆಯದೆಂದು ಅಂದುಕೊಂಡಿರಲಿಲ್ಲ. ಯಾರು ಏನು ಕೇಳಿದರೋ ಅದನ್ನು ಕಡೆದುಕೊಟ್ಟಿತು, ಯಾರ ಬಳಿ ಒಳ್ಳೆಯ ತಂತ್ರ ಕಂಡಿತೋ ಅವರಿಂದ ಕಲಿತಿತು.

ಹಳೆಯ ಮಾದರಿಯನ್ನು ಇಸವಿ ಸಮೇತ ಹಿಡಿದಿಟ್ಟು, ಅದನ್ನೇ ಮತ್ತೆ ಮಾಡಿ ದುಬಾರಿ ಬೆಲೆಗೆ ಮಾರಿದರೆ ಏನಾಗುತ್ತದೆ? ಇದಕ್ಕೆ ಸಿದ್ಧವಾದ ಉದಾಹರಣೆ ಅಮೆರಿಕದಲ್ಲಿದೆ. ಅದು ವಿದ್ಯುತ್ ಗಿಟಾರಿನ ಲೋಕ. ಗಿಬ್ಸನ್ ಕಂಪನಿ 1952ರಲ್ಲಿ ‘ಲೆಸ್ ಪಾಲ್’ ಎಂಬ ಗಿಟಾರ್ ಹೊರತಂದಿತು. 1958ರಿಂದ 1960ರವರೆಗೆ ಅದರ ಮೈಗೆ ಸಂಜೆಯ ಬಾನಿನಂಥ ಕೆಂಪು–ಹಳದಿ ಬಣ್ಣ ಹೊಡೆದು ಮಾರಿತು. ಬೆಲೆ ಮುನ್ನೂರು ಡಾಲರಿನೊಳಗೆ. ಜನ ಅಷ್ಟಾಗಿ ಕೊಳ್ಳಲಿಲ್ಲ. ಆ ಮೂರು ವರ್ಷದಲ್ಲಿ ತಯಾರಾದದ್ದು ಎರಡು ಸಾವಿರಕ್ಕೂ ಕಡಿಮೆ. 1961ರಲ್ಲಿ ಕಂಪನಿ ಆಕಾರವನ್ನೇ ಬದಲಿಸಿಬಿಟ್ಟಿತು. ಕೆಲವೇ ವರ್ಷದಲ್ಲಿ ಎರಿಕ್ ಕ್ಲಾಪ್ಟನ್, ಪೀಟರ್ ಗ್ರೀನ್, ಜಿಮ್ಮಿ ಪೇಜ್ ಮೊದಲಾದ ಇಂಗ್ಲೆಂಡಿನ ಹುಡುಗರು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಸಿಕ್ಕ ಆ ಬೇಡದ ಗಿಟಾರುಗಳನ್ನೇ ನುಡಿಸಿ ಹೆಸರಾದರು. 1968ರಲ್ಲಿ ಗಿಬ್ಸನ್ ಲೆಸ್ ಪಾಲನ್ನು ಮತ್ತೆ ಮಾಡತೊಡಗಿತು. ಈಗ 1959ರ ಅಸಲಿ ಗಿಟಾರಿನ ಬೆಲೆ ಕೋಟಿ ರೂಪಾಯಿ ದಾಟಿದೆ. ಆ ವರ್ಷದ್ದನ್ನೇ ಹೋಲುವಂತೆ, ಅದೇ ಬಗೆಯ ಪ್ರಾಣಿಜನ್ಯ ಅಂಟು, ಅದೇ ತೆಳು ನೈಟ್ರೋಸೆಲ್ಯುಲೋಸ್ ಮೆರುಗು ಬಳಸಿ ಮಾಡುವ ಮರುಮುದ್ರಣದ ಗಿಟಾರಿಗೆ ಆರು ಲಕ್ಷ ರೂಪಾಯಿಗೂ ಮೇಲೆ. ಪ್ರತಿಸ್ಪರ್ಧಿ ಫೆಂಡರ್ 1995ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹೊಸ ಗಿಟಾರನ್ನು ಬೇಕೆಂದೇ ಗೀಚಿ, ಸವೆಸಿ, ಮೂವತ್ತು ವರ್ಷ ಬಳಸಿದಂತೆ ಮಾಡಿ ಹೆಚ್ಚಿನ ಬೆಲೆಗೆ ಮಾರತೊಡಗಿತು. ಗಿಬ್ಸನ್ ಕೂಡ 2021ರಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ಮದುವೆಗೆ ಹೊಸ ಪಂಚೆ ತಂದು ಉಡುವ ಮೊದಲು ಅದಕ್ಕೆ ನಾಲ್ಕು ತೂತು ಮಾಡಿಸಿಕೊಂಡಂತೆ ಎಂದು ನಮ್ಮ ಹಳ್ಳಿಯವರು ನಕ್ಕಾರು. ಆದರೆ ಕೊಳ್ಳುವವರಿದ್ದಾರೆ, ಇದುವರೆಗೆ.

‘ಇದುವರೆಗೆ’ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಆ ಗಿಟಾರುಗಳನ್ನು ಕೊಳ್ಳುವವರಲ್ಲಿ ಹೆಚ್ಚಿನವರು ಅರವತ್ತು–ಎಪ್ಪತ್ತರ ದಶಕದ ಸಂಗೀತ ಕೇಳಿ ಬೆಳೆದ, ಈಗ ಕೈಯಲ್ಲಿ ಹಣವಿರುವ, ವಯಸ್ಸಾಗುತ್ತಿರುವ ಜನ. ಅವರ ನೆನಪು ಅವರ ಜೊತೆಗೇ ಹೋಗುತ್ತದೆ. 2018ರ ಮೇ 1ರಂದು ಗಿಬ್ಸನ್ ದಿವಾಳಿ ಕಾನೂನಿನ ರಕ್ಷಣೆ ಕೇಳಿದಾಗ ಗಿಟಾರಿನ ಕಾಲವೇ ಮುಗಿಯಿತೆಂದು ಎಷ್ಟೋ ಪತ್ರಿಕೆಗಳು ಬರೆದವು. ಅಂಕಿ ಬೇರೆ ಮಾತು ಹೇಳುತ್ತಿತ್ತು. ಗಿಬ್ಸನ್ನನ್ನು ಮುಳುಗಿಸಿದ್ದು ಗಿಟಾರಲ್ಲ. 2014ರಲ್ಲಿ ಫಿಲಿಪ್ಸ್ ಕಂಪನಿಯ ಆಡಿಯೋ ವ್ಯವಹಾರವನ್ನು ಸಾಲ ಮಾಡಿ ಕೊಂಡು, ಎಲೆಕ್ಟ್ರಾನಿಕ್ಸಿನಲ್ಲಿ ಕೈ ಸುಟ್ಟುಕೊಂಡಿತ್ತು. ಎರಡೇ ವರ್ಷದಲ್ಲಿ, 2020ರ ಲಾಕ್‌ಡೌನಿನಲ್ಲಿ, ಫೆಂಡರ್ ತನ್ನ ಇತಿಹಾಸದಲ್ಲೇ ಅತಿ ಹೆಚ್ಚು ಮಾರಾಟ ಕಂಡಿತು. ಕೊಂಡವರಲ್ಲಿ ಬಹಳ ಮಂದಿ ಮನೆಯಲ್ಲಿ ಕೂತು ಹೊಸದಾಗಿ ಕಲಿಯಲು ಹೊರಟವರು. ಕಲಿಯುವವರು ಮೊದಲು ಕೊಳ್ಳುವುದು ಲಕ್ಷದ ಗಿಟಾರನ್ನಲ್ಲ, ಕಂಪನಿಯ ಅಗ್ಗದ ಸಾಲಿನ ಮಾಲನ್ನು. ಇದರಿಂದ ನನಗೆ ಕಾಣುವುದು ಇಷ್ಟು: ಆರು ಲಕ್ಷದ ಮರುಮುದ್ರಣ ಮರದ ತುದಿಯ ಹೂವಾದರೆ, ಅಗ್ಗದ ಗಿಟಾರ್ ಅದರ ಬೊಡ್ಡೆ. ಇನ್ನೂ ದೊಡ್ಡ ಸಂಗತಿ ಇನ್ನೊಂದಿದೆ. 1959ರಲ್ಲಿ ಆ ಗಿಟಾರ್ ಮಾಡಿದವರಿಗೆ ತಾವು ಚರಿತ್ರೆ ಮಾಡುತ್ತಿದ್ದೇವೆಂದು ಗೊತ್ತಿರಲಿಲ್ಲ. ಅವರು ಆ ವರ್ಷದ ಮಾಲು ಮಾಡುತ್ತಿದ್ದರು, ಅದು ಸರಿಯಾಗಿ ಖರ್ಚಾಗಲೂ ಇಲ್ಲ. ಮುಂದೆ ಯಾವುದು ರತ್ನವಾಗುತ್ತದೆಂದು ಯಾರೂ ಮೊದಲೇ ಆರಿಸಲಾರರು. ದಿನದ ಮಾಲು ಮಾಡುವುದನ್ನು ನಿಲ್ಲಿಸಿ ಹಳೆಯ ರತ್ನವನ್ನಷ್ಟೇ ಮರುಮುದ್ರಿಸುವ ಕಾರ್ಖಾನೆ ಮುಂದಿನ ಐವತ್ತು ವರ್ಷಕ್ಕೆ ಹೊಸ ರತ್ನವನ್ನು ಬಿಟ್ಟುಹೋಗುವುದಿಲ್ಲ.

ಈಗ ಚನ್ನಪಟ್ಟಣಕ್ಕೆ ಮರಳೋಣ. 2006ರ ಅಕ್ಟೋಬರಿನ ಒಂದು ಲೆಕ್ಕದಂತೆ ಅಲ್ಲಿ 254 ಮನೆ ಘಟಕಗಳಲ್ಲಿ, 50 ಸಣ್ಣ ಕಾರ್ಖಾನೆಗಳಲ್ಲಿ ಆರು ಸಾವಿರಕ್ಕೂ ಹೆಚ್ಚು ಜನ ಈ ಕೆಲಸದಲ್ಲಿದ್ದರು. ಆ ಹೊತ್ತಿಗೆ ಚೀನಾದ ಪ್ಲಾಸ್ಟಿಕ್ ಆಟಿಕೆಗಳು ಸಂತೆಗಳನ್ನೂ ಜಾತ್ರೆಗಳನ್ನೂ ತುಂಬಿದ್ದವು. ಸರ್ಕಾರ ಕೈ ಕಟ್ಟಿ ಕೂರಲಿಲ್ಲ. ಡಚ್ ಸರ್ಕಾರದ ನೆರವು ಮತ್ತು ರಾಜ್ಯದ ‘ವಿಶ್ವ’ ಯೋಜನೆಯಡಿ ಕುಶಲಕರ್ಮಿಗಳಿಗೆ ಹಣಕಾಸಿನ ಸಹಾಯ ಸಿಕ್ಕಿತು, 32 ಲೇತುಗಳ ಅರಗು ಕರಕುಶಲ ಸಂಕೀರ್ಣ ಎದ್ದಿತು. ಭೌಗೋಳಿಕ ಸೂಚ್ಯಂಕದ ಗುರುತು ಬಂತು. ಮಾಯಾ ಆರ್ಗ್ಯಾನಿಕ್, ವರ್ಣಂ ಮೊದಲಾದ ಸಂಸ್ಥೆಗಳು ಹೊಸ ವಿನ್ಯಾಸ ತಂದವು, ಅರಿಸಿನ, ನೀಲಿಯಂಥ ಸಸ್ಯಮೂಲದ ಬಣ್ಣಗಳನ್ನು ಮುಂದೆ ಮಾಡಿದವು, ನಗರದ ಮತ್ತು ಹೊರದೇಶದ ಅಂಗಡಿಗಳ ಬಾಗಿಲು ತೆರೆದವು. 2010ರ ನವೆಂಬರಿನಲ್ಲಿ ಮಿಶೆಲ್ ಒಬಾಮ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಈ ಗೊಂಬೆಗಳನ್ನು ಕೊಂಡದ್ದು ಸುದ್ದಿಯಾಯಿತು. 2020ರ ಆಗಸ್ಟಿನಲ್ಲಿ ಪ್ರಧಾನಿ ತಮ್ಮ ರೇಡಿಯೋ ಭಾಷಣದಲ್ಲಿ ಕೊಂಡಪಲ್ಲಿ, ತಂಜಾವೂರುಗಳ ಜೊತೆ ಚನ್ನಪಟ್ಟಣದ ಹೆಸರೆತ್ತಿದರು. 2022ರ ಗಣರಾಜ್ಯೋತ್ಸವದಲ್ಲಿ ಕರ್ನಾಟಕದ ಕರಕುಶಲ ಸ್ತಬ್ಧಚಿತ್ರದ ಮೇಲೆ ಗೊಂಬೆಗಳು ಮೆರೆದವು. ಇದೆಲ್ಲ ಒಳ್ಳೆಯದೇ, ಇದರಿಂದ ಎಷ್ಟೋ ಮನೆಗಳ ಒಲೆ ಉರಿದಿದೆ. ಆದರೆ ಈ ಎಲ್ಲ ಪ್ರಯತ್ನದ ಮುಖ ಒಂದೇ ಕಡೆಗಿದೆ: ಗೊಂಬೆಗೆ ಹೆಚ್ಚಿನ ಬೆಲೆ ಕೊಡಬಲ್ಲ, ಅದನ್ನು ಮಗುವಿನ ಕೈಗಿಂತ ಹೆಚ್ಚಾಗಿ ಕಪಾಟಿನಲ್ಲಿ ಇಡುವ, ಉಡುಗೊರೆ ಕೊಡುವ ಜನದ ಕಡೆಗೆ. ಭೌಗೋಳಿಕ ಸೂಚ್ಯಂಕದಂಥ, ಹೆಸರು ಕಾಯುವ ಕಾನೂನು ಕೂಲಿಯನ್ನು ಕಾಯುವುದಿಲ್ಲ ಎಂಬುದೂ ಇಲ್ಲೇ ನೆನಪಿಡಬೇಕಾದ ಮಾತು.

ಬೊಡ್ಡೆಗೆ ಏನಾಗುತ್ತಿದೆ ಎಂದು ತಿಳಿಯಬೇಕಾದರೆ ರಸ್ತೆ ನೋಡಬೇಕು. ಬೆಂಗಳೂರು–ಮೈಸೂರು ರಸ್ತೆ ಊರಿನ ನಡುವೆ ಹಾದುಹೋಗುತ್ತಿದ್ದಷ್ಟು ಕಾಲ ಅದೇ ಚನ್ನಪಟ್ಟಣದ ನಿಜವಾದ ಮಾರುಕಟ್ಟೆ. ಮೈಸೂರು ನೋಡಿ ಬರುವ ಸಂಸಾರ ಕಾಫಿಗೆಂದು ನಿಂತು, ಮಗು ಅತ್ತಿತೆಂದು ಒಂದು ಬುಗುರಿ, ಒಂದು ಗಿಲಕಿ, ಎಳೆದುಕೊಂಡು ಹೋಗುವ ಒಂದು ಬಾತುಕೋಳಿ ಕೊಳ್ಳುತ್ತಿತ್ತು. ಅದಕ್ಕೆ ಯಾವ ಪರಂಪರೆಯ ಜ್ಞಾನವೂ ಬೇಕಿರಲಿಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ ರಾಮನಗರ–ಚನ್ನಪಟ್ಟಣಗಳನ್ನು ಬದಿಗಿಟ್ಟು ಬೈಪಾಸಿನಲ್ಲಿ ಸಾಗುತ್ತದೆ. ಪ್ರಯಾಣದ ಹೊತ್ತು ಅರ್ಧಕ್ಕೆ ಇಳಿಯಿತೆಂದು ಹಿಗ್ಗಿದವರ ಲೆಕ್ಕದಲ್ಲಿ ಈ ಬುಗುರಿ ಇರಲಿಲ್ಲ. ಹಳೆ ರಸ್ತೆಯ ಗೊಂಬೆ ಅಂಗಡಿಯವರು ವ್ಯಾಪಾರ ಬಿದ್ದುಹೋಯಿತೆಂದು ಹೇಳಿಕೊಂಡದ್ದು ಪತ್ರಿಕೆಗಳಲ್ಲಿ ಬಂದಿದೆ. 2007ರಲ್ಲಿ ಜಿಲ್ಲೆಯಾಗಿ, 2025ರಲ್ಲಿ ‘ಬೆಂಗಳೂರು ದಕ್ಷಿಣ’ ಎಂದು ಹೆಸರು ಬದಲಿಸಿಕೊಂಡ ಈ ಸೀಮೆ ದಿನೇ ದಿನೇ ರಾಜಧಾನಿಯ ಹಿತ್ತಿಲಾಗುತ್ತಿರುವಾಗ, ಲೇತಿನ ಮುಂದೆ ಕೂರುವ ಹುಡುಗನಿಗೆ ಬಿಡದಿಯ ಕಾರ್ಖಾನೆಯ ತಿಂಗಳ ಸಂಬಳವೂ ಕಣ್ಣೆದುರೇ ಕಾಣುತ್ತದೆ. ಅವನು ಯಾವುದನ್ನು ಆರಿಸಿದರೂ ತಪ್ಪು ಹೇಳುವಂತಿಲ್ಲ.

ಇಲ್ಲಿ ಒಂದು ಬಲವಾದ ಆಕ್ಷೇಪ ಏಳುತ್ತದೆ, ಅದೂ ಇದೇ ಸೀಮೆಯಿಂದ. ಮೈಸೂರು ರೇಷ್ಮೆ ಸೀರೆಯನ್ನು ನೋಡಿ ಎನ್ನಬಹುದು. 1912ರಲ್ಲಿ ಮೈಸೂರಿನಲ್ಲಿ ಶುರುವಾದ ಕಾರ್ಖಾನೆ ಈಗಲೂ ಹಳೆಯ ಅಂಚು, ಹಳೆಯ ಜರಿಯ ಸೀರೆಗಳನ್ನೇ ನೇಯುತ್ತಿದೆ. ಬೆಲೆ ಏರಿದಷ್ಟೂ ಕೊಳ್ಳುವವರು ಹೆಚ್ಚುತ್ತಿದ್ದಾರೆ, ಅಂಗಡಿ ತೆರೆಯುವ ಮೊದಲೇ ಹೆಂಗಸರು ಸಾಲುಗಟ್ಟುವುದು ಸುದ್ದಿಯಾಗಿದೆ. ದುಬಾರಿ ಮಾಲೊಂದೇ ಸಾಕು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ? ಸಾಕ್ಷಿಯನ್ನು ತಿರುಗಿಸಿ ನೋಡಿದರೆ ಅದು ನನ್ನ ಪರವಾಗಿಯೇ ನಿಲ್ಲುತ್ತದೆ. ಆ ಸೀರೆ ಒಂಟಿಯಾಗಿ ನಿಂತಿಲ್ಲ. ಅದರ ಹಿಂದೆ ರಾಮನಗರದ ಗೂಡಿನ ಮಾರುಕಟ್ಟೆ ಇದೆ, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದದ್ದು. ಕನಕಪುರ, ಮಾಗಡಿ ಕಡೆಯ ಹಿಪ್ಪುನೇರಳೆ ತೋಟದ ರೈತ ಗೂಡು ತಂದು ಸುರಿಯುವುದು ಮೈಸೂರು ರೇಷ್ಮೆಗೆಂದು ಅಲ್ಲ. ಅದು ಕಾಂಚೀಪುರಕ್ಕೂ ಹೋಗುತ್ತದೆ, ದೊಡ್ಡಬಳ್ಳಾಪುರದ ಮಗ್ಗಕ್ಕೂ ಹೋಗುತ್ತದೆ, ಸಾಧಾರಣ ಸೀರೆಗೂ ಹೋಗುತ್ತದೆ. ನೂರು ಬಗೆಯ ಕೊಳ್ಳುವವರು ಇರುವುದರಿಂದಲೇ ಹುಳು ಸಾಕುವವನು ಸಾಕುತ್ತಾನೆ, ನೂಲು ಬಿಚ್ಚುವವನು ಬಿಚ್ಚುತ್ತಾನೆ. ಮೇಲಿನ ಸೀರೆಗೆ ಒಳ್ಳೆಯ ನೂಲು ಆರಿಸಿಕೊಳ್ಳುವ ಸೌಲಭ್ಯ ಸಿಗುವುದು ಕೆಳಗೆ ಅಷ್ಟು ನೂಲು ಇರುವುದರಿಂದ. ಸಾಲದ್ದಕ್ಕೆ ನೇಯುವವರಿಗೆ ಸರ್ಕಾರಿ ನಿಗಮದ ಸಂಬಳ ಇದೆ. ಚನ್ನಪಟ್ಟಣದಲ್ಲಿ ಮನೆಯ ಜಗುಲಿಯಲ್ಲಿ ಕಡೆಯುವವನಿಗೆ ಅದೂ ಇಲ್ಲ, ಗೂಡಿನ ಮಾರುಕಟ್ಟೆಯಂಥ ಆಸರೆಯೂ ಇಲ್ಲ.

ಇನ್ನೊಂದು ಆಕ್ಷೇಪ: ಆರು ಸಾವಿರ ಜನ ಅರೆಹೊಟ್ಟೆಯಲ್ಲಿ ಮಣಿ ಕಡೆಯುವುದಕ್ಕಿಂತ ಆರುನೂರು ಜನ ಹೊಟ್ಟೆ ತುಂಬ ಉಂಡು ಕಲಾಕೃತಿ ಮಾಡುವುದು ಮೇಲಲ್ಲವೇ? ಕೇಳಲು ನ್ಯಾಯವಾಗಿದೆ, ಮಣಿ ಕಡೆಯುವ ಬದುಕಿನಲ್ಲಿ ಹಾಡಿ ಹೊಗಳುವಂಥದ್ದು ಏನೂ ಇಲ್ಲ. ಆದರೆ ಆರುನೂರು ಜನ ಎಲ್ಲಿಂದ ಬರುತ್ತಾರೆ? ಆರು ಸಾವಿರದಲ್ಲಿ ಕೈ ಕುದುರಿದವರಿಂದಲ್ಲವೇ? ಜಪಾನಿನ ಕೊಕೇಶಿ ಈಗ ದೊಡ್ಡವರ ಸಂಗ್ರಹದ ವಸ್ತು, ನಿಜ. ಆದರೆ ಅದನ್ನು ಕಡೆಯುವ ಕುಲ ಬಟ್ಟಲು, ತಟ್ಟೆಗಳನ್ನು ಕಡೆಯುತ್ತ ಬಂದದ್ದು. ಗೊಂಬೆ ಅವರ ಕೈಯ ಒಂದು ಬೆರಳು ಮಾತ್ರ. ಹಾಗಿದ್ದರೆ ಕಂಪ್ಯೂಟರ್ ಹೇಳಿದಂತೆ ಕಡೆಯುವ ಯಂತ್ರ ತಂದು ಮಣಿಯ ಕೆಲಸ ಅದಕ್ಕೆ ಬಿಟ್ಟರಾಯಿತು ಎನ್ನುವವರೂ ಇದ್ದಾರೆ. ಗಿಟಾರಿನ ಕಾರ್ಖಾನೆಗಳಲ್ಲಿ ಯಂತ್ರವೇ ಮರ ಕೆತ್ತುತ್ತದೆ, ಕೊನೆಯ ಹದ ಮಾತ್ರ ಕೈಯದು. ಆಕಾರ ತೆಗೆಯುವುದಕ್ಕೆ ಯಂತ್ರ ಬಂದರೆ ಬೇಸರವೇನೂ ಪಡಬೇಕಿಲ್ಲ, ಕರೆಂಟಿನ ಲೇತೂ ಒಂದು ಕಾಲಕ್ಕೆ ಹೊಸದಾಗಿಯೇ ಬಂದದ್ದು. ಆದರೆ ಅರಗಿನ ಕಡ್ಡಿ ಒತ್ತುವ ಕೈ ಮಣಿಯ ಮೇಲೆ ಕಲಿಯದಿದ್ದರೆ ಎಲ್ಲಿ ಕಲಿಯಬೇಕು ಎಂಬ ಪ್ರಶ್ನೆಗೆ ಯಂತ್ರದಲ್ಲಿ ಉತ್ತರವಿಲ್ಲ.

ಕಚ್ಚಾ ಮಾಲಿನ ಕಥೆಯೂ ಇದೇ ದಾರಿಯದು. ಲಾಕ್ಷಾ ಎಂಬ ಸಂಸ್ಕೃತ ಪದವೇ ದೇಶ ದಾಟಿ, ನಾಲಿಗೆ ದಾಟಿ ಇಂಗ್ಲಿಷಿನ ‘ಲ್ಯಾಕರ್’ ಆಯಿತು. ಪಾಂಡವರಿಗೆ ಕಟ್ಟಿಸಿದ ಅರಗಿನ ಮನೆಯಿಂದ ಗಿಬ್ಸನ್ನಿನ ಮೆರುಗಿನವರೆಗೆ ಹೆಸರು ಒಂದೇ, ಆದರೆ ಗಿಟಾರಿನ ಮೆರುಗಿನಲ್ಲಿ ಅರಗು ಒಂದು ಹನಿಯೂ ಇಲ್ಲ. ಅದು ಹತ್ತಿಯ ನಾರಿನಿಂದ ತೆಗೆದ ರಾಸಾಯನಿಕ. ಅಸಲಿ ಅರಗು ಮುತ್ತುಗ, ಎಲಚಿಯಂಥ ಮರಗಳ ರೆಂಬೆಗಳ ಮೇಲೆ ಕೀಟ ಸುರಿಸುವ ರಾಳ. ಚನ್ನಪಟ್ಟಣಕ್ಕೆ ಅದು ಬರುವುದು ಹೆಚ್ಚಾಗಿ ಜಾರ್ಖಂಡ್, ಛತ್ತೀಸಗಢದ ಕಡೆಯಿಂದ. ಒಂದು ಕಾಲಕ್ಕೆ ಅರಗು ಜಗತ್ತಿನ ಸಂಗೀತಕ್ಕೇ ಬೇಕಾದ ವಸ್ತು. ನಿಮಿಷಕ್ಕೆ 78 ಸುತ್ತು ತಿರುಗುವ ಗ್ರಾಮಫೋನ್ ತಟ್ಟೆಗಳು ಅರಗಿನಿಂದ ಆಗುತ್ತಿದ್ದವು. ಆ ದೊಡ್ಡ ವ್ಯಾಪಾರ ನಡೆದಿದ್ದ ಕಾಲದಲ್ಲೇ, 1924ರಲ್ಲಿ, ರಾಂಚಿಯ ಬಳಿ ನಾಮ್‌ಕುಮ್‌ನಲ್ಲಿ ಅರಗಿನ ಸಂಶೋಧನೆಗೆಂದೇ ಸಂಸ್ಥೆ ಹುಟ್ಟಿತು. ವಿನೈಲ್ ಬಂದು ಆ ಬೇಡಿಕೆ ಕುಸಿದರೂ ಔಷಧದ ಗುಳಿಗೆ, ಹಣ್ಣಿನ ಹೊಳಪು, ಪೀಠೋಪಕರಣದ ಪಾಲಿಶ್ ಎಂದು ಹತ್ತು ಕಡೆ ಅರಗು ಬೇಕಾಗಿದ್ದರಿಂದ ಅರಗಿನ ಕೃಷಿ ಉಳಿಯಿತು. ಇಲ್ಲೂ ಹರಹೇ ಕಾಪಾಡಿದ್ದು. ಗೊಂಬೆಯನ್ನೇ ನಂಬಿದ್ದರೆ ಚನ್ನಪಟ್ಟಣಕ್ಕೆ ಅರಗು ಕಳಿಸುವವರೇ ಇರುತ್ತಿರಲಿಲ್ಲ.

ಗಿಟಾರಿನ ಮರದ್ದು ಇದರ ಉಲ್ಟಾ. ಹಳೆಯ ಗಿಟಾರುಗಳ ಬೆರಳು ಹಲಗೆಗೆ ಬ್ರೆಜಿಲ್ಲಿನ ಬೀಟೆ ಬೇಕಿತ್ತು. 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದ ಬೀಗ ಹಾಕಿತು. ಅದಕ್ಕೂ ಮುಂಚಿನಿಂದಲೇ ಅದರ ಜಾಗಕ್ಕೆ ಬರುತ್ತಿದ್ದದ್ದು ನಮ್ಮ ಪಶ್ಚಿಮ ಘಟ್ಟದ ಬೀಟೆ. ಮೈಸೂರಿನ ಕುಸುರಿ ಕೆತ್ತನೆಯ ಅದೇ ಬೀಟೆ ಅಮೆರಿಕದ ರಾಕ್ ಸಂಗೀತಗಾರನ ಬೆರಳ ಕೆಳಗೆ ಸೇರಿತು. 2011ರ ಆಗಸ್ಟಿನಲ್ಲಿ ಅಮೆರಿಕದ ಅಧಿಕಾರಿಗಳು ಗಿಬ್ಸನ್ ಕಾರ್ಖಾನೆಗಳನ್ನು ಶೋಧಿಸಿದಾಗ ಹಿಡಿದದ್ದರಲ್ಲಿ ಭಾರತದಿಂದ ಹೋದ ಬೀಟೆಯ ಹಲಗೆಗಳೂ ಇದ್ದವು. ಮರುವರ್ಷ ಕಂಪನಿ ಮೂರು ಲಕ್ಷ ಡಾಲರ್ ದಂಡ ಕಟ್ಟಿ ರಾಜಿಗೆ ಬಂತು. 2017ರ ಜನವರಿ 2ರಿಂದ ಬೀಟೆಯ ಇಡೀ ಕುಲಕ್ಕೇ ಕಾಗದಪತ್ರದ ಕಟ್ಟುಪಾಡು ಬಂದಿತು. ವಾದ್ಯ ತಯಾರಕರ ಕೂಗು ಜೋರಾಗಿ 2019ರ ನವೆಂಬರಿನಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು. ಹಳೆಯ ಮಾದರಿಗೆ ಹಳೆಯ ಮರವೇ ಬೇಕೆಂದು ಹಟ ಹಿಡಿದರೆ ಕಸುಬಿನ ಜುಟ್ಟು ಯಾರ ಕೈಗೆ ಸಿಗುತ್ತದೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಡ. ಹಾಲೆ ಸಾಲದಾದಾಗ ರಬ್ಬರ್ ಮರ ಕಡೆಯುವ ಚನ್ನಪಟ್ಟಣದವರನ್ನು ‘ಅಸಲಿಯಲ್ಲ’ ಎಂದು ಮೂಗು ಮುರಿಯುವ ಸಂಗ್ರಾಹಕರು ಈ ಕಥೆಯನ್ನೊಮ್ಮೆ ಓದಬೇಕು. ಹಾಲೆ ಮರವನ್ನು ಹೊಲದ ಬದುವಿನಲ್ಲಿ ನೆಡಿಸುವ ಕೆಲಸ ಆಗಲೇಬೇಕು. ಆದರೆ ಅದು ಬೆಳೆದು ಬರುವವರೆಗೆ ಲೇತು ನಿಲ್ಲಬಾರದು.

ಹಾಗಾದರೆ ಬೊಡ್ಡೆಗೆ ನೀರು ಎಲ್ಲಿಂದ? ರಕ್ಷಣೆಯ ಗೋಡೆಯನ್ನು ಕೇಂದ್ರ ಸರ್ಕಾರ ಆಗಲೇ ಕಟ್ಟಿದೆ. ಆಟಿಕೆಗಳ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುಣಮಟ್ಟದ ಗುರುತು ಕಡ್ಡಾಯವಾಯಿತು. ನೋಂದಾಯಿತ ಕುಶಲಕರ್ಮಿಗಳಿಗೆ, ಭೌಗೋಳಿಕ ಸೂಚ್ಯಂಕದ ಆಟಿಕೆಗಳಿಗೆ ಅದರಿಂದ ವಿನಾಯಿತಿ ಇದೆ. ಚೀನಾದ ಮಾಲು ಹಿಂದೆ ಸರಿದ ಜಾಗಕ್ಕೆ ನಮ್ಮದೇ ದೇಶದ ಪ್ಲಾಸ್ಟಿಕ್ ಬಂದು ಕೂತಿತು. ಗೋಡೆ ಹೊರಗಿನವರನ್ನು ತಡೆಯುತ್ತದೆ, ಒಳಗೆ ಕೊಳ್ಳುವವರನ್ನು ಹುಟ್ಟಿಸುವುದಿಲ್ಲ. ಆದರೆ ಕೊಳ್ಳಬಲ್ಲ ಒಬ್ಬ ದೊಡ್ಡ ಗಿರಾಕಿ ರಾಜ್ಯದೊಳಗೇ ಇದ್ದಾನೆ. ಕರ್ನಾಟಕದಲ್ಲಿ ಅರವತ್ತು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಒಂದೊಂದಕ್ಕೆ ವರ್ಷಕ್ಕೆ ಹತ್ತೇ ಸಾಮಾನು, ಎಣಿಸಲು ಬಣ್ಣದ ಮಣಿ, ಒಂದರ ಮೇಲೊಂದು ಪೇರಿಸುವ ಉಂಗುರ, ಬುಗುರಿ, ಎಳೆಯುವ ಗಾಡಿ ಕೊಟ್ಟರೂ ವರ್ಷಕ್ಕೆ ಆರು ಲಕ್ಷ ಸಾಮಾನು. ಎಲ್ಲವೂ ಸರಳ, ಎಲ್ಲವೂ ಕಲಿಯುವ ಹುಡುಗ–ಹುಡುಗಿಯರ ಕೈಗೆ ಹೇಳಿಮಾಡಿಸಿದ ಕೆಲಸ. ಬಾಯಿಗೆ ಇಟ್ಟುಕೊಂಡರೂ ಹೆದರಬೇಕಿಲ್ಲದ ಅರಗು, ಸಸ್ಯದ ಬಣ್ಣ ಎಂದು ನಾವು ಹೊರದೇಶದ ಗಿರಾಕಿಗೆ ಹೇಳಿ ಮಾರುವ ಗುಣ ಮೊದಲು ಬೇಕಾಗಿರುವುದು ಎಲ್ಲವನ್ನೂ ಬಾಯಿಗಿಡುವ ಮೂರು ವರ್ಷದ ಮಗುವಿಗೆ. ಇದು ಧರ್ಮಕ್ಕೆ ಕೊಟ್ಟ ಕೆಲಸವಾಗುತ್ತದೆ, ಗುಣಮಟ್ಟ ಇಳಿಯುತ್ತದೆ ಎಂಬ ಅಂಜಿಕೆ ಸುಳ್ಳಲ್ಲ. ಸರ್ಕಾರಿ ಸಮವಸ್ತ್ರದ ಬಟ್ಟೆಗೆ ಏನಾಗುತ್ತದೆಂದು ಎಲ್ಲರೂ ನೋಡಿದ್ದಾರೆ. ಅದಕ್ಕೆ ಮದ್ದು ಟೆಂಡರಿನ ಕಾಗದದಲ್ಲೇ ಇರಬೇಕು. ಕಡಿಮೆ ದರವೊಂದನ್ನೇ ಅಳತೆಯಾಗಿ ಇಟ್ಟರೆ ಗೆಲ್ಲುವುದು ಪ್ಲಾಸ್ಟಿಕ್ಕೇ. ಯಾವ ಮರ, ಎಂಥ ಅರಗು, ಅಂಚು ಎಷ್ಟು ನಯ ಎಂದು ಬರೆದು, ಐನೂರು ಸಾಮಾನಿನ ಸಣ್ಣ ಸಣ್ಣ ಆದೇಶಗಳಾಗಿ ಒಡೆದು, ಹಣ ತಿಂಗಳೊಳಗೆ ಕೊಟ್ಟರೆ ಮನೆ ಜಗುಲಿಯ ಲೇತಿನವನೂ ಅದಕ್ಕೆ ಕೈ ಹಾಕಬಲ್ಲ. ತಡವಾದರೆ ಮಧ್ಯವರ್ತಿಗೆ ಮಾತ್ರ ಕಾಯುವ ಶಕ್ತಿ ಇರುತ್ತದೆ. ಹಳೆ ಹೆದ್ದಾರಿಯ ಅಂಗಡಿಗಳಲ್ಲಿ ಈಗಲೂ ಮುಂದಿನ ಸಾಲಿನಲ್ಲಿ ಹೊಳೆಯುವ ದೊಡ್ಡ ರಾಜ–ರಾಣಿ, ಹಿಂದಿನ ಗೋಣಿಚೀಲದಲ್ಲಿ ಬಿಡಿ ಬುಗುರಿಗಳು. ಆರ್ಡರ್ ಬರಬೇಕಾಗಿರುವುದು ಆ ಗೋಣಿಚೀಲಕ್ಕೆ.